ಮುಂಬಯಿಯಲ್ಲಿ ಕನ್ನಡ ಬಾಲವಾಡಿ: ಸರಕಾರದ ದುಡ್ಡು ಯಾವ ಬಾಗಿಲಲ್ಲಿದೆ?

ಕಾರ್ಯದರ್ಶಿ_ಘಾಟ್ಕೋಪರ್
ಎಲ್ಲರಿಗೂ ನಮಸ್ಕಾರ. ಘಾಟ್ಕೋಪರಿನ ನಮ್ಮ ಕನ್ನಡ ಸಂಘದ ಸಭಾಗೃಹ ಬೆಳಿಗ್ಗೆ 9ರಿಂದ 1ರ ತನಕ ಖಾಲಿ. ಸುತ್ತಲಿನ ಚಾಳುಗಳಲ್ಲಿ 3ರಿಂದ 6 ವರ್ಷದ ಮಕ್ಕಳು 35 ಮಂದಿ. 20 ಮನೆಗಳಲ್ಲಿ ಕಲಬುರಗಿ, ವಿಜಯಪುರ ಕಡೆಯ ಕನ್ನಡ, 15 ಮನೆಗಳಲ್ಲಿ ತುಳು. ಮಾತು, ಕತೆ, ಹಾಡು, ಅಕ್ಷರಕ್ಕೆ ಮೊದಲಿನ ತಯಾರಿ, ಇಷ್ಟನ್ನು ಕನ್ನಡದಲ್ಲಿ ಮಾಡಿಸುವ ಬಾಲವಾಡಿ ಬೇಕು. ಖರ್ಚಿನ ಬಾಬ್ತು ನಾಲ್ಕು: ಟೀಚರ್ ಸಂಬಳ, ಸಹಾಯಕಿ, ಪುಸ್ತಕ-ಆಟಿಕೆ, ತಿಂಡಿ. ಕೇಂದ್ರ, ಮಹಾರಾಷ್ಟ್ರ, ಪಾಲಿಕೆ, ಕರ್ನಾಟಕ, ಇವರಲ್ಲಿ ಯಾರ ಹತ್ತಿರ ಯಾವುದನ್ನು ಕೇಳಬಹುದು? ಅರ್ಜಿಯಲ್ಲಿ "ಕನ್ನಡ ಭಾಷಾ ಅಭಿವೃದ್ಧಿಗಾಗಿ" ಎಂದು ಬರೆದರೆ ಸಾಕೇ?

ಲೆಕ್ಕದ_ಪುಸ್ತಕ
ಸಾಲದು ಸರ್. ಹಾಗೆ ಬರೆದ ಅರ್ಜಿ ಮೇಜಿನಿಂದ ಮೇಜಿಗೆ ಓಡಾಡುತ್ತದೆ, ಅಷ್ಟೆ. ಚಿಕ್ಕ ಮಕ್ಕಳ ಯೋಜನೆಗಳಲ್ಲಿ ಹಣ ಬರುವುದು ಭಾಷೆ ನೋಡಿ ಅಲ್ಲ. ಮಗುವಿನ ವಯಸ್ಸು, ತಲೆ ಎಣಿಕೆ, ಲೆಕ್ಕಶೀರ್ಷಿಕೆ (ಬಜೆಟ್ಟಿನಲ್ಲಿ ಆ ಖರ್ಚಿನ ಬಾಬ್ತು) ನೋಡಿ. ಭಾಷೆ ಅದರೊಳಗೆ ನಾವು ನುಗ್ಗಿಸಬೇಕಾದ್ದು.

3ರಿಂದ 6ರ ಮಕ್ಕಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಪಾಲು, ಅಂದರೆ ಅಂಗನವಾಡಿ. 1975ರ ಅಕ್ಟೋಬರ್ 2ರಂದು 33 ಪ್ರಾಜೆಕ್ಟುಗಳಿಂದ ಶುರುವಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಈಗ "ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0" ಆಗಿದೆ. ಮಹಾರಾಷ್ಟ್ರದಂಥ ರಾಜ್ಯದಲ್ಲಿ ಖರ್ಚಿನ ಶೇ. 60 ಕೇಂದ್ರದ್ದು, ಶೇ. 40 ರಾಜ್ಯದ್ದು. ಪೂರಕ ಆಹಾರಕ್ಕೆ ಅರ್ಧ-ಅರ್ಧ. ಕಾರ್ಯಕರ್ತೆ, ಸಹಾಯಕಿಯರ ಗೌರವಧನ, ತಿಂಡಿ, ಕಲಿಕಾ ಸಾಮಗ್ರಿ ಎಲ್ಲ ಇದರಲ್ಲೇ. ನಿಮ್ಮ ನಾಲ್ಕೂ ಬಾಬ್ತು ಒಟ್ಟಿಗೆ ಬರುವ ಬಾಗಿಲು ಇದೊಂದೇ.

ಒಂದನೇ ತರಗತಿಯಿಂದ ಮೇಲೆ ಸಮಗ್ರ ಶಿಕ್ಷಾ, ಅಂದರೆ ಶಾಲೆಗಳಿಗೆ ಹಣ ಕೊಡುವ ಕೇಂದ್ರದ ಯೋಜನೆ. ಅದರೊಳಗೆ 2021ರ ಜುಲೈ 5ರಂದು ಶುರುವಾದ ನಿಪುಣ್ ಭಾರತ್ (ಚಿಕ್ಕ ಮಕ್ಕಳ ಓದು-ಲೆಕ್ಕದ ಅಡಿಪಾಯದ ಕಾರ್ಯಕ್ರಮ) ಇದೆ. ಸರಕಾರಿ ಶಾಲೆಯ ಬಾಲವಾಟಿಕೆಗೂ (ಒಂದನೇ ತರಗತಿಗೆ ಮೊದಲಿನ ತರಗತಿ) ಇಲ್ಲಿ ಜಾಗ ಉಂಟು. ಆದರೆ ಸಂಘದ ಹೆಸರಿಗೆ ಇಲ್ಲಿಂದ ಒಂದು ಪೈಸೆ ಬರುವುದಿಲ್ಲ, ಶಾಲೆಯ ಖಾತೆಗೆ ಮಾತ್ರ.

ಮೂರನೆಯದು ಪಾಲಿಕೆ. ಶಿಕ್ಷಣಕ್ಕೆ ಪ್ರತ್ಯೇಕ ಬಜೆಟ್ ಮಂಡಿಸುತ್ತದೆ. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್ ಜತೆಗೆ ಕನ್ನಡ, ತಮಿಳು, ತೆಲುಗು ಮಾಧ್ಯಮದ ಶಾಲೆಗಳೂ ಅದರ ಕೈಯಲ್ಲಿವೆ. ಶಾಲಾ ಕಟ್ಟಡಗಳಲ್ಲಿ ಸ್ವಯಂಸೇವಾ ಸಂಸ್ಥೆಗಳ ಮೂಲಕ ಬಾಲವಾಡಿ ನಡೆಸುವ ಪದ್ಧತಿಯೂ ಇದೆ.

ವಡಾಲಾ_ಟೀಚರ್
ಪಾಲಿಕೆಯ ವಿಷಯ ಹಾಗೆ ಒಂದು ಸಾಲಿನಲ್ಲಿ ಹಾರಿಸಿಬಿಟ್ಟಿರಲ್ಲ ಮಾರಾಯ್ರೆ, ನಿಜವಾದ ಗುಟ್ಟು ಅಲ್ಲೇ ಇರುವುದು. ಕನ್ನಡ ಮಾಧ್ಯಮದ ಪಾಲಿಕೆ ಶಾಲೆಯ ಕಟ್ಟಡದಲ್ಲೇ ಬಾಲವಾಡಿ ನಡೆದರೆ ಆ ಮಕ್ಕಳು ಮುಂದಿನ ಜೂನ್‌ನಲ್ಲಿ ಅದೇ ಶಾಲೆಯ ಒಂದನೇ ಕ್ಲಾಸಿಗೆ ಏರುತ್ತಾರೆ. ಬಾಲವಾಡಿ ಮೂರು ಗಲ್ಲಿ ಆಚೆ ಸಂಘದ ಹಾಲ್‌ನಲ್ಲಿದ್ದರೆ ಒಂದನೇ ಕ್ಲಾಸಿನ ಹೊತ್ತಿಗೆ ಅರ್ಧ ಮಕ್ಕಳು ಬೇರೆ ಬಸ್ ಹತ್ತಿಯಾಗಿರುತ್ತದೆ. ಮೇಲಿನ ಕ್ಲಾಸು ಖಾಲಿಯಾದರೆ ಕೆಳಗೆ ಎಷ್ಟು ಸುರಿದರೂ ಸೋರಿಹೋಗುತ್ತದೆ.

ಅರ್ಜಿ ಕೊಡುವುದು ವಾರ್ಡಿನ ಪ್ರಶಾಸಕೀಯ ಅಧಿಕಾರಿ (ಶಾಳಾ) ಅವರಿಗೆ, ಅದರ ನಕಲು ಕನ್ನಡ ಶಾಲೆಗಳ ವಿಭಾಗ ನಿರೀಕ್ಷಕರಿಗೆ. ಮರಾಠಿಯಲ್ಲೇ ಬರೆಯಿರಿ. ಖಾಲಿ ಕೋಣೆಯ ಸಂಖ್ಯೆ, ನೆಲಮಹಡಿಯೋ ಅಲ್ಲವೋ, ಶೌಚಾಲಯ ಎಷ್ಟು ದೂರ, ಇಷ್ಟು ಮೊದಲ ಪುಟದಲ್ಲೇ ಇರಲಿ. ಪಾಲಿಕೆಯ ಬಜೆಟ್ ಸಾಮಾನ್ಯವಾಗಿ ಫೆಬ್ರವರಿಯಲ್ಲಿ ಮಂಡನೆ. ಅಕ್ಟೋಬರ್–ನವೆಂಬರ್‌ನಲ್ಲಿ ಕೇಳಿದವರ ಬೇಡಿಕೆ ಅಂದಾಜಿಗೆ ಸೇರಬಹುದು. ಮಾರ್ಚಿನಲ್ಲಿ ಹೋದರೆ "ಪುಢಚ್ಯಾ ವರ್ಷೀ" (ಮುಂದಿನ ವರ್ಷ) ಎನ್ನುತ್ತಾರೆ, ಅದು ಅವರ ತಪ್ಪೂ ಅಲ್ಲ.

ಕಾರ್ಯದರ್ಶಿ_ಘಾಟ್ಕೋಪರ್
ಅಂಗನವಾಡಿ ಬೇಕಾದರೆ 40 ಮಕ್ಕಳಿರಬೇಕು ಎಂದು ಕೇಳಿದ್ದೇವೆ. ನಮ್ಮಲ್ಲಿ 35. ಹಾಗಾದರೆ ಆ ಬಾಗಿಲು ಮುಚ್ಚಿತೇ?

ಲೆಕ್ಕದ_ಪುಸ್ತಕ
ಇಲ್ಲ. 40 ಎಂದರೆ ಹುಟ್ಟಿದ ಕೂಸಿನಿಂದ ಆರು ವರ್ಷದವರೆಗಿನವರು. ನೀವು 3–6 ಮಾತ್ರ ಎಣಿಸಿದ್ದೀರಿ. ಮೂರು ವರ್ಷದೊಳಗಿನವರನ್ನು ಸೇರಿಸಿ, ಐದು ಮಕ್ಕಳು ಖಂಡಿತ ಸಿಗುತ್ತಾರೆ. ಅಂಗನವಾಡಿ ಇಲ್ಲದ ಬಡಾವಣೆಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದರೆ, ಕೇಳಿದ ದಿನದಿಂದ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು ಎಂದು 2006ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗ್ರಾಮಕ್ಕೂ ಝೋಪಡ್‌ಪಟ್ಟಿಗೂ ಇದು ಅನ್ವಯ.

ಈಗಾಗಲೇ ಅಂಗನವಾಡಿ ಇದ್ದರೆ ಈ ದಾರಿ ನಡೆಯುವುದಿಲ್ಲ. ಆಗ ಜನಸಂಖ್ಯೆಯ ಲೆಕ್ಕ: 400ರಿಂದ 800ಕ್ಕೆ ಒಂದು, 800ರಿಂದ 1600ಕ್ಕೆ ಎರಡು, 1600ರಿಂದ 2400ಕ್ಕೆ ಮೂರು.

ಪಟ್ಟಿಯಲ್ಲಿ ಮಗುವಿನ ಹೆಸರು, ಹುಟ್ಟಿದ ತಾರೀಖು, ತಾಯಿಯ ಹೆಸರು, ಕೋಣೆ ನಂಬರ್, ಚಾಳಿನ ಹೆಸರು, ಮನೆಮಾತು, ತಾಯಿಯ ಸಹಿ. ವಯಸ್ಸು ಬರೆಯಬೇಡಿ, ತಾರೀಖು ಬರೆಯಿರಿ. ಪಟ್ಟಿ ಆರು ತಿಂಗಳು ಕಚೇರಿಯಲ್ಲಿ ಕೂತರೆ ವಯಸ್ಸು ಬದಲಾಗುತ್ತದೆ, "ಮಾಹಿತಿ ತಾಳೆಯಾಗುವುದಿಲ್ಲ" ಎಂಬ ನೆಪ ಸಿಗುತ್ತದೆ. ಎರಡು ಪ್ರತಿ ಮಾಡಿ, ಬಾಲವಿಕಾಸ ಪ್ರಕಲ್ಪ ಅಧಿಕಾರಿಯ ಕಚೇರಿಯಲ್ಲಿ ಒಂದರ ಮೇಲೆ ಆವಕ ಸಂಖ್ಯೆ (ಅರ್ಜಿ ಸ್ವೀಕರಿಸಿದ ನಂಬರ್), ಮೊಹರು ಹಾಕಿಸಿಕೊಳ್ಳಿ. ಮೂರು ತಿಂಗಳ ಲೆಕ್ಕ ಶುರುವಾಗುವುದು ಆ ಮೊಹರಿನಿಂದ.

ಇನ್ನು ಭಾಷೆ. ಅಂಗನವಾಡಿಯ ಮಕ್ಕಳಲ್ಲಿ ಶೇ. 50ಕ್ಕಿಂತ ಹೆಚ್ಚು ಮಂದಿ ಮರಾಠಿಯೇತರ ಭಾಷೆ ಆಡುವವರಾದರೆ ಆ ಭಾಷೆ ಬಲ್ಲ ಕಾರ್ಯಕರ್ತೆ ಬೇಕು ಎಂಬುದು ಮಹಾರಾಷ್ಟ್ರದ ನೇಮಕಾತಿ ಷರತ್ತುಗಳಲ್ಲೇ ಇದೆ. ಉರ್ದು, ಹಿಂದಿ, ಗೋಂಡಿ, ತೆಲುಗು, ಬಂಜಾರಾ ಜತೆಗೆ ಕನ್ನಡದ ಹೆಸರೂ ಆ ಸಾಲಿನಲ್ಲಿದೆ. ಪಟ್ಟಿಯಲ್ಲಿ ಮನೆಮಾತಿನ ಕಾಲಮ್ ಹಾಕಿ ಎಂದದ್ದು ಇದಕ್ಕೇ. ನೇಮಕದ ಜಾಹೀರಾತು ಬಂದ ಮೇಲೆ ಭಾಷೆಯ ಮಾತೆತ್ತಿದರೆ ತಡವಾಯಿತು. ಬರುವ ಮೊದಲೇ ಅನುಪಾತ ಕಡತದಲ್ಲಿರಬೇಕು. 12ನೇ ತರಗತಿ ಪಾಸಾದ, ಕನ್ನಡ-ಮರಾಠಿ ಎರಡೂ ಬರುವ ಸ್ಥಳೀಯ ಹೆಣ್ಣುಮಕ್ಕಳನ್ನು ಈಗಲೇ ಹುಡುಕಿಡಿ, ಅರ್ಜಿ ಹಾಕುವವರೇ ಇಲ್ಲದಿದ್ದರೆ ಷರತ್ತು ಇದ್ದು ಏನು ಪ್ರಯೋಜನ?

ಸೊಲ್ಲಾಪುರದಾಂವ
35ರಾಗ 20 ಅಂದ್ರ ಶೇ. 57. ಆದ್ರ ಸಣ್ಣ ಕೂಸುಗಳ್ನ ಸೇರಿಸಿದ ಮ್ಯಾಲೆ ಈ ಲೆಕ್ಕ ಮತ್ತ ಮಾಡ್ರಿ. ಹೊಸದಾಗಿ ಬರೂ ಎಂಟು-ಹತ್ತು ಕೂಸು ತುಳು ಮನ್ಯಾವು ಆದ್ರ 50ರ ಕೆಳಗ ಜಾರತೈತಿ.

ಇನ್ನೊಂದು. ತುಳು ಮಂದಿ ಶಾಲಿ ಫಾರ್ಮಿನ್ಯಾಗ ಮಾತೃಭಾಷೆ ಕಾಲಮಿಗೆ "ತುಳು" ಅಂತ ಬರೀತಾರ. ತಪ್ಪಲ್ಲ, ಖರೇನ ಅದು. ಆದ್ರ ಎಣಿಕಿಯೊಳಗ ಆ ಮಗು ಕನ್ನಡದ ಲೆಕ್ಕಕ್ಕ ಬರೂದಿಲ್ಲ. 1949ರ ಶಿಕ್ಷಣ ಮಂತ್ರಿಗಳ ಸಭೆ ಠರಾವು ಮಾಡಿದ್ದು ಏನಂದ್ರ, ಶಾಲಿಯೊಳಗ 40 ಅಥವಾ ಒಂದು ಕ್ಲಾಸಿನ್ಯಾಗ 10 ಮಕ್ಕಳಿದ್ರ ಅವರ ಮಾತೃಭಾಷೆಯ ಮಾಸ್ತರ ಕೊಡಬೇಕು. 1956ರಾಗ ಸಂವಿಧಾನಕ್ಕ 350ಎ ಕಲಮು ಬಂತು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಾಗ ಮಾತೃಭಾಷೆ ಕಲಿಕಿಗೆ ಸೌಲಭ್ಯ ಮಾಡಿಕೊಡ್ರಿ ಅಂತ. ಎಲ್ಲಾ ಕೂಡಿ ಅಂಕಿ ಮ್ಯಾಲೇ ನಿಂತದ.

ವಡಾಲಾ_ಟೀಚರ್
ಹಾಗೆಂದು ತುಳುವರ ಹತ್ತಿರ "ಕನ್ನಡ ಅಂತ ಬರೆಯಿರಿ" ಎಂದು ಹೇಳಿಸುವುದು ಸರಿಯಲ್ಲ. ಆ ಮಗುವಿನ ಮನೆಮಾತು ತುಳುವೇ. ಅದನ್ನು ಅಳಿಸಿ ಕನ್ನಡ ಉಳಿಸುತ್ತೇವೆ ಎಂದರೆ ಇಂಗ್ಲಿಷ್ ಶಾಲೆಯವರು ಮಾಡುವುದನ್ನೇ ನಾವೂ ಮಾಡಿದ ಹಾಗೆ.

ಲೆಕ್ಕದ_ಪುಸ್ತಕ
ಎರಡನ್ನೂ ಕಾಪಾಡುವ ದಾರಿ ಇದೆ ಮೇಡಂ. ಆ 1949ರ ಠರಾವಿನಲ್ಲೇ, ತಂದೆ-ತಾಯಿ ಅಥವಾ ಪೋಷಕರು ಯಾವುದನ್ನು ಮಾತೃಭಾಷೆ ಎಂದು ಘೋಷಿಸುತ್ತಾರೋ ಅದೇ ಮಾತೃಭಾಷೆ ಎಂದಿದೆ. ತೀರ್ಮಾನ ಮನೆಯವರದು, ಸಂಘದ್ದಲ್ಲ, ಗುಮಾಸ್ತರದೂ ಅಲ್ಲ. ತುಳು ಎಂದು ಬರೆದವರು "ನಮ್ಮ ಮಗುವಿಗೆ ಕಲಿಕಾ ಮಾಧ್ಯಮ ಕನ್ನಡ ಬೇಕು" ಎಂಬ ಸಹಿ ಮಾಡಿದ ಪತ್ರ ಬೇರೆಯಾಗಿ ಕೊಡಲಿ. ಕಾಲಮ್‌ನಲ್ಲಿ ಸುಳ್ಳು ಬರೆಸಿ ಪರಿಶೀಲನೆಗೆ ಬಂದವರು ಮಗುವನ್ನು ಮಾತಾಡಿಸಿದರೆ ಇಡೀ ಪಟ್ಟಿಯ ಮೇಲೆ ಅನುಮಾನ ಬೀಳುತ್ತದೆ.

ಶಾಲೆಯ ಕಡೆ ಗಮನಿಸಬೇಕಾದ ತಾರೀಖು ಸೆಪ್ಟೆಂಬರ್ 30. ಯುಡೈಸ್ (ದೇಶದ ಶಾಲೆಗಳ ಅಂಕಿಅಂಶ ಸಂಗ್ರಹ) ಎಣಿಕೆ ಆ ದಿನದ್ದು. ಸಂಚ ಮಾನ್ಯತೆ, ಅಂದರೆ ಶಿಕ್ಷಕರ ಹುದ್ದೆ ಮಂಜೂರಾತಿ, ಅದೇ ದಿನದ ಆಧಾರ್ ತಾಳೆಯಾದ ಹಾಜರಿಯ ಮೇಲೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದರವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು. 62 ಮಕ್ಕಳಿರುವ ಕನ್ನಡ ಶಾಲೆಯಲ್ಲಿ ಇಬ್ಬರ ಆಧಾರ್ ಹೆಸರು ತಾಳೆಯಾಗದಿದ್ದರೆ ಆ ಮೂರನೆಯವರ ಲೆಕ್ಕವೇ ತಪ್ಪುತ್ತದೆ. ನಮ್ಮವರ ಆಧಾರ್‌ನಲ್ಲಿ ಊರಿನ ವಿಳಾಸ, ತಂದೆ ಹೆಸರಿನ ಜಾಗದಲ್ಲಿ ಊರಿನ ಹೆಸರು, "ಬಸವರಾಜ" ಒಂದು ಕಡೆ "ಬಸ್ವರಾಜ್" ಇನ್ನೊಂದು ಕಡೆ. ಇದನ್ನು ಜುಲೈನಲ್ಲೇ ಕೂತು ಸರಿ ಮಾಡಿಸುವುದು ಸಂಘ ಮಾಡಬಹುದಾದ ಅತಿ ಅಗ್ಗದ, ಅತಿ ಲಾಭದ ಕೆಲಸ.

ಕಾರ್ಯದರ್ಶಿ_ಘಾಟ್ಕೋಪರ್
ಪಕ್ಕದ ಕನ್ನಡ ಶಾಲೆಗೆ ಸಮಗ್ರ ಶಿಕ್ಷಾದಿಂದ ನಿಜವಾಗಿ ಎಷ್ಟು ಬರಬಹುದು? ಅಂಕಿಯಲ್ಲಿ ಹೇಳಿ.

ಲೆಕ್ಕದ_ಪುಸ್ತಕ
62 ಮಕ್ಕಳು, ಅವರಲ್ಲಿ 35 ಮಂದಿ ಅಡಿಪಾಯದ (ಕೆಳಗಿನ) ತರಗತಿಗಳಲ್ಲಿ ಎಂದಿಟ್ಟುಕೊಳ್ಳಿ. ಸಂಯುಕ್ತ ಶಾಲಾ ಅನುದಾನ 31–100 ಮಕ್ಕಳಿಗೆ ವರ್ಷಕ್ಕೆ ₹25,000. ಅದರಲ್ಲಿ ಕನಿಷ್ಠ ಶೇ. 10, ಅಂದರೆ ₹2,500, ಸ್ವಚ್ಛತೆಗೆ ಮೀಸಲು. ಪ್ರಾಥಮಿಕ ಶಾಲೆಯ ಗ್ರಂಥಾಲಯಕ್ಕೆ ₹5,000. ನಿಪುಣ್‌ನಲ್ಲಿ ಕಲಿಕಾ ಸಾಮಗ್ರಿಗೆ ಮಗುವಿಗೆ ಗರಿಷ್ಠ ₹500, 35ಕ್ಕೆ ₹17,500. ಒಟ್ಟು ₹47,500. ಶಿಕ್ಷಕರ ಕೈಪಿಡಿಗೆ ತಲೆಗೆ ₹150 ಬೇರೆ.

"ಗರಿಷ್ಠ" ಎಂಬ ಪದ ನೆನಪಿರಲಿ, ಅದು ಹಕ್ಕಲ್ಲ, ಮೇಲ್ಮಿತಿ. ಸಾಮಗ್ರಿ ಅನೇಕ ಬಾರಿ ಹಣವಾಗಿ ಬರುವುದಿಲ್ಲ, ಮೇಲಿಂದಲೇ ಖರೀದಿಯಾಗಿ ಡಬ್ಬಿಯಲ್ಲಿ ಬರುತ್ತದೆ. ಸಾಮೂಹಿಕ ಖರೀದಿಯಲ್ಲಿ ಕನ್ನಡ ಬಿಟ್ಟುಹೋಗುವುದು ಇಲ್ಲೇ. ಮರಾಠಿ ಚಾರ್ಟುಗಳ ಡಬ್ಬಿ ಕನ್ನಡ ಶಾಲೆಗೂ ಬಂದು ಬೀಳುತ್ತದೆ, ಸ್ವೀಕೃತಿಗೆ ಸಹಿಯೂ ಆಗುತ್ತದೆ. ಸಹಿ ಆದ ಮೇಲೆ ಕೇಳುವವರಿಲ್ಲ. ಶಾಲಾ ವ್ಯವಸ್ಥಾಪನ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಆ ಸಮಿತಿ "ಕನ್ನಡ ಸಾಮಗ್ರಿ ಇಷ್ಟು ಸೆಟ್ ಬೇಕು" ಎಂದು ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಬರೆದು ಠರಾವು ಪಾಸು ಮಾಡಿದರೆ ಬೇಡಿಕೆ ಮೊದಲೇ ಕಾಗದದ ಮೇಲೆ ಬರುತ್ತದೆ.

ಪುಣೆ_ಪಾಟಿ
ಪಠ್ಯಪುಸ್ತಕದ ಚಿಂತೆ ಬೇಡ. ಪುಣೆಯ ಬಾಲಭಾರತಿ (ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ) ಕನ್ನಡ ಮಾಧ್ಯಮಕ್ಕೂ ಪುಸ್ತಕ ಅಚ್ಚು ಹಾಕುತ್ತದೆ. ಕೊರತೆ ಇರುವುದು ಅದಕ್ಕಿಂತ ಮೊದಲಿನ ಮೆಟ್ಟಿಲಲ್ಲಿ: 3–6ರ ಮಕ್ಕಳ ಕತೆ ಪುಸ್ತಕ, ಚಿತ್ರಪಟ.

ಗ್ರಂಥಾಲಯದ ಆ ₹5,000 ಬಂದಾಗ ದಪ್ಪ ವಿಶ್ವಕೋಶ, ನೀತಿಕತೆಗಳ ಸಂಪುಟ ಕೊಂಡು ಬೀಗ ಹಾಕಿದ ಕಪಾಟಿನಲ್ಲಿಡುವುದು ಹಳೆಯ ರೋಗ. ನ್ಯಾಷನಲ್ ಬುಕ್ ಟ್ರಸ್ಟಿನ ತೆಳು ಕನ್ನಡ ಪುಸ್ತಕಗಳನ್ನು ತೆಗೆದುಕೊಳ್ಳಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಮುಕ್ತ ಪರವಾನಗಿಯ ಕನ್ನಡ ಕತೆಗಳಿವೆ. ಇಳಿಸಿಕೊಂಡು ಅಚ್ಚು ಹಾಕಿಸಿದರೆ ಹಕ್ಕಿನ ತಕರಾರು ಇಲ್ಲ, ಬರೆದವರ ಹೆಸರು ಬಿಡಬಾರದು ಅಷ್ಟೆ. ಮೊದಲ ಹಂತದ ಕತೆಯಲ್ಲಿ 250ಕ್ಕಿಂತ ಕಡಿಮೆ ಪದ. ಎ4 ಹಾಳೆ ಅಡ್ಡಕ್ಕೆ, ಬೆನ್ನಿಗೆ ಎರಡು ಪಿನ್ನು. ಒಂದು ಶೀರ್ಷಿಕೆಯ ಐದು ಪ್ರತಿಯಾದರೂ ಇರಲಿ, ಹತ್ತು ಮಕ್ಕಳ ಗುಂಪಿನಲ್ಲಿ ಇಬ್ಬರ ನಡುವೆ ಒಂದು ಪುಸ್ತಕ ಬರಬೇಕು.

ವಡಾಲಾ_ಟೀಚರ್
ಪುಸ್ತಕ ಬಂದ ಕೂಡಲೇ ಅ ಆ ಇ ಈ ಬರೆಸಲು ಕೂರಬೇಡಿ ದಮ್ಮಯ್ಯ. ಅಂಗನವಾಡಿಗೆ ದಿನಕ್ಕೆ ಕನಿಷ್ಠ ಎರಡು ಗಂಟೆ ಶಾಲಾಪೂರ್ವ ಕಲಿಕೆ ಎಂದು ಕೇಂದ್ರದ "ಪೋಷಣ್ ಭೀ ಪಢಾಯಿ ಭೀ" ಕಾರ್ಯಕ್ರಮ ಹೇಳುತ್ತದೆ. ಅದರ "ಆಧಾರಶಿಲಾ" ಪಠ್ಯಕ್ರಮ (3ರಿಂದ 6ರ ಮಕ್ಕಳಿಗೆ) 48 ವಾರದ್ದು. ಬಾಲವಾಟಿಕೆ ಮುಗಿಯುವಾಗ ನಿಪುಣ್ ಕೇಳುವುದು ಅಕ್ಷರ ಮತ್ತು ಅದರ ಧ್ವನಿ ಗುರುತು, ಎರಡು-ಮೂರು ಅಕ್ಷರದ ಸರಳ ಪದ ಓದುವುದು. ಅಷ್ಟೇ! ಕಾಗುಣಿತ ಪೂರ್ತಿ ಬಾಯಿಪಾಠ ಯಾರೂ ಕೇಳಿಲ್ಲ.

ತುಳು ಮನೆಯ ಮಗುವಿಗೆ ಕತೆಯನ್ನು ಮೊದಲ ಸಲ ತುಳುವಿನಲ್ಲೇ ಹೇಳಿ, ಮರುದಿನ ಅದೇ ಚಿತ್ರ ತೋರಿಸಿ ಕನ್ನಡದಲ್ಲಿ. "ಪಿಲಿ" ಗೊತ್ತಿದ್ದ ಮಗುವಿಗೆ "ಹುಲಿ" ದೂರವಲ್ಲ, "ಪೂ" ಗೊತ್ತಿದ್ದರೆ "ಹೂ" ಸಿಕ್ಕಿತು. ಪ ಇದ್ದಲ್ಲಿ ಹ ಬರುತ್ತದೆ ಎಂಬುದನ್ನು ಮಕ್ಕಳೇ ಕಂಡುಹಿಡಿದು ಆಟ ಮಾಡುತ್ತಾರೆ. ಟೀಚರ್‌ಗೆ ತುಳು ಬಾರದಿದ್ದರೆ ವಾರಕ್ಕೆ ಎರಡು ದಿನ ಯಾರಾದರೂ ಅಜ್ಜಿಯನ್ನು ಕೂರಿಸಿ. ಅದಕ್ಕೆ ಯಾವ ಅನುದಾನವೂ ಬೇಡ.

ಪುಣೆ_ಪಾಟಿ
ಅಕ್ಷರದ ಹಂತಕ್ಕೆ ಬಂದಾಗ ವರ್ಣಮಾಲೆಯ ಕ್ರಮ ಬಿಟ್ಟು ರ ಗ ಸ ದ ಅ, ಆಮೇಲೆ ಜ ವ ಮ ಬ ನ ಎಂಬ ಕರ್ನಾಟಕದ ಶಾಲೆಗಳ ಕ್ರಮ ಹಿಡಿಯಿರಿ. ಐದೇ ಅಕ್ಷರದಲ್ಲಿ ಸರ, ದರ, ಅರಸ, ಅಗಸ, ಗರಗಸ ಓದಿಬಿಡಬಹುದು. ಅ ಆ ಇ ಈ ಕ್ರಮದಲ್ಲಿ ಹೋದರೆ ಒಂದು ತಿಂಗಳಾದರೂ ಓದಲು ಪದವೇ ಸಿಗುವುದಿಲ್ಲ.

ಮುಂಬಯಿ-ಪುಣೆಯ ಮಕ್ಕಳಲ್ಲಿ ಒಂದು ವಿಶೇಷ ತೊಡಕು ಬರುತ್ತದೆ, ಕರ್ನಾಟಕದ ಕೈಪಿಡಿಗಳಲ್ಲಿ ಇದಕ್ಕೆ ಪರಿಹಾರ ಹುಡುಕಬೇಡಿ. ಮರಾಠಿಯಲ್ಲಿ ಹ್ರಸ್ವ ಎ, ಒ ಬೇರೆಯಾಗಿ ಬರೆಯುವುದಿಲ್ಲ. ಹಾಗಾಗಿ ಬೆಳೆ-ಬೇಳೆ, ಕೊಡು-ಕೋಡು, ಕೆರೆ-ಕೇರೆ ಈ ಜೋಡಿಗಳು ಮಕ್ಕಳ ಬರವಣಿಗೆಯಲ್ಲಿ ಒಂದೇ ಆಗುತ್ತವೆ. ಚಿತ್ರದ ಕಾರ್ಡು ಮಾಡಿ ಮೊದಲು ಕಿವಿಗೆ ಅಭ್ಯಾಸ ಮಾಡಿಸಿ, ಬರವಣಿಗೆ ಆಮೇಲೆ. ಎರಡನೆಯದು ಒತ್ತಕ್ಷರ: ದೇವನಾಗರಿಯಲ್ಲಿ ಅರ್ಧ ಅಕ್ಷರ ಹೆಚ್ಚಾಗಿ ಪಕ್ಕದಲ್ಲಿ, ನಮ್ಮಲ್ಲಿ ಕೆಳಗೆ. ಇದು ಒಂದನೇ ತರಗತಿಯ ಕೊನೆಯ ವಿಷಯ, ಬಾಲವಾಡಿಯಲ್ಲಿ ತರಬೇಡಿ.

ಕಾರ್ಯದರ್ಶಿ_ಘಾಟ್ಕೋಪರ್
ಕರ್ನಾಟಕ ಸರಕಾರ? ಅಲ್ಪಸಂಖ್ಯಾತರ ಅನುದಾನ? ಶಾಸಕರ ನಿಧಿ? ಸಮಿತಿಯಲ್ಲಿ ಈ ಮೂರನ್ನೇ ಎಲ್ಲರೂ ಹೇಳುತ್ತಿದ್ದಾರೆ.

ಸೊಲ್ಲಾಪುರದಾಂವ
ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರದ ಹೆಸರಿನ್ಯಾಗೇ ಗಡಿ ಐತಿ ನೋಡ್ರಿ. ಅಕ್ಕಲಕೋಟಿ, ಜತ್ತ ಕಡೆಯ ಶಾಲಿಗಳ ಮಾತು ಬ್ಯಾರೆ, ಘಾಟ್ಕೋಪರ್ ಗಡಿ ಅಲ್ಲ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಧನಸಹಾಯ ಕೊಡೂದು ಹೆಚ್ಚಾಗಿ ಕಾರ್ಯಕ್ರಮಕ್ಕ, ವರ್ಷಪೂರ್ತಿ ಸಂಬಳಕ್ಕಲ್ಲ. ಒಂದು ಮಕ್ಕಳ ಕತೆ ಹಬ್ಬಕ್ಕ ಕೇಳಿ ಅದರಾಗ ಪುಸ್ತಕ ಕೊಂಡು ಉಳಿಸ್ಕೋರಿ, ಅದು ಜಾಣತನ.

ಲೆಕ್ಕದ_ಪುಸ್ತಕ
ಅಲ್ಪಸಂಖ್ಯಾತ ಎಂಬ ಪದ ನೋಡಿ ಮೋಸ ಹೋಗಬೇಡಿ. 1992ರ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗ ಕಾಯ್ದೆಯಡಿ ಘೋಷಿತವಾದದ್ದು ಆರು ಧಾರ್ಮಿಕ ಸಮುದಾಯಗಳು. ವಿದ್ಯಾರ್ಥಿವೇತನ ಮೊದಲಾದ ಕೇಂದ್ರ ಯೋಜನೆಗಳು ಅವರಿಗೆ. ಭಾಷಾ ಅಲ್ಪಸಂಖ್ಯಾತ ಪ್ರಮಾಣಪತ್ರ ಸಂಸ್ಥೆಗೆ ಸಂವಿಧಾನದ 30ನೇ ಕಲಮಿನ ಹಕ್ಕು (ಸ್ವಂತ ಶಿಕ್ಷಣ ಸಂಸ್ಥೆ ನಡೆಸುವುದು) ಕೊಡುತ್ತದೆ, ಹಣ ಕೊಡುವುದಿಲ್ಲ.

ಶಾಸಕ, ಸಂಸದರ ನಿಧಿ ಬಾಳಿಕೆ ಬರುವ ಆಸ್ತಿಗೆ: ಶೌಚಾಲಯ, ನೀರಿನ ಟ್ಯಾಂಕು, ಕೋಣೆ. ಸಂಬಳ, ತಿಂಡಿ, ಬಾಡಿಗೆಗೆ ಆಗದು. ಮಕ್ಕಳ ಎತ್ತರದ ಶೌಚಾಲಯವೊಂದನ್ನು ಕೇಳಿ.

ಸಂಘದ ಕಾಗದ ಮೊದಲು ನೋಡಿಕೊಳ್ಳಿ. ಮಹಾರಾಷ್ಟ್ರದಲ್ಲಿ ಸೊಸೈಟಿಯಾದರೂ ಸಾರ್ವಜನಿಕ ನ್ಯಾಸ ಕಾಯ್ದೆಯಡಿ ನೋಂದಣಿ ಇರುತ್ತದೆ. ಪದಾಧಿಕಾರಿ ಬದಲಾದರೆ 90 ದಿನದೊಳಗೆ ಚಾರಿಟಿ ಕಮಿಷನರ್ ಕಚೇರಿಗೆ ಬದಲಾವಣೆ ವರದಿ ಕೊಡಬೇಕು. ಎರಡು-ಮೂರು ಚುನಾವಣೆಯ ವರದಿ ಬಾಕಿ ಇದ್ದರೆ ಪರಿಶಿಷ್ಟ 1ರಲ್ಲಿ (ಆ ಕಚೇರಿಯ ನೋಂದಣಿ ದಾಖಲೆ) ಹಳೆಯ ಹೆಸರುಗಳು, ಅರ್ಜಿಯಲ್ಲಿ ಹೊಸ ಸಹಿ. ಅರ್ಜಿ ಬೀಳುವುದು ಅಲ್ಲೇ, ಭಾಷೆಯ ದ್ವೇಷದಿಂದಲ್ಲ.

ಕೇಂದ್ರದ ಅನುದಾನ ಬಂದರೆ ಪ್ರತ್ಯೇಕ ಖಾತೆ ತೆರೆಯಿರಿ. ಆ ಹಣದ ಬಡ್ಡಿಯೂ ಸರಕಾರದ್ದೇ. ವಿನಿಯೋಗ ಪ್ರಮಾಣಪತ್ರ (ಹಣ ಹೇಗೆ ಖರ್ಚಾಯಿತು ಎಂಬ ಪತ್ರ) ಕೇಂದ್ರದ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ನಮೂನೆಯಲ್ಲಿ, ಹಣಕಾಸು ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ. ಪುಸ್ತಕಕ್ಕೆ ಬಂದದ್ದರಲ್ಲಿ ಕುರ್ಚಿ ಕೊಂಡರೆ ಮುಂದಿನ ಕಂತು ನಿಲ್ಲುತ್ತದೆ.

ಕಾರ್ಯದರ್ಶಿ_ಘಾಟ್ಕೋಪರ್
ಹಾಲ್ ಅಂಗನವಾಡಿಗೆ ಬಿಟ್ಟುಕೊಟ್ಟರೆ ಮುಂದೆ ಖಾಲಿ ಮಾಡಿಸಲು ಆಗುವುದಿಲ್ಲ ಎಂದು ಹಿರಿಯರು ಹೆದರುತ್ತಾರೆ.

ಲೆಕ್ಕದ_ಪುಸ್ತಕ
ಹೆದರಿಕೆ ಸಹಜ. ಲೀವ್ ಅಂಡ್ ಲೈಸೆನ್ಸ್ (ಬಳಸಲು ಅನುಮತಿ ಮಾತ್ರ, ಬಾಡಿಗೆದಾರರ ಹಕ್ಕಲ್ಲ) ಕರಾರು ಮಾಡಿ, ಹೊತ್ತು ಬೆಳಿಗ್ಗೆ 9ರಿಂದ 1 ಎಂದು ಬರೆದು. 11 ತಿಂಗಳಾದರೆ ನೋಂದಣಿ ಬೇಡ ಎಂಬುದು ಇಲ್ಲಿ ತಪ್ಪು ತಿಳಿವಳಿಕೆ. ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಎಷ್ಟೇ ಅವಧಿಯಿರಲಿ ನೋಂದಣಿ ಬೇಕು, ಮಾಡಿಸುವ ಹೊಣೆ ಜಾಗದ ಮಾಲೀಕರದು. ತೂಕದ ಯಂತ್ರ, ಧಾನ್ಯ, ದಾಖಲೆ ಇಡಲು ಒಂದು ಬೀಗದ ಕಪಾಟು ಬಿಟ್ಟುಕೊಡಿ. ಮದುವೆ ಮುಹೂರ್ತದ ದಿನಗಳನ್ನು ಕರಾರಿನಲ್ಲೇ ಬಗೆಹರಿಸಿ, ಇಲ್ಲದಿದ್ದರೆ ಮೇ ತಿಂಗಳಲ್ಲೇ ಜಗಳ.

ವಡಾಲಾ_ಟೀಚರ್
ಮೂರು ತಿಂಗಳು ಕಳೆದೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ. ₹10ರ ಕೋರ್ಟ್ ಫೀ ಸ್ಟಾಂಪು, 30 ದಿನ. ಮಹಾರಾಷ್ಟ್ರದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಉಂಟು. ನಮ್ಮವರು ಕನ್ನಡದ ಇತಿಹಾಸದಿಂದ ಶುರು ಮಾಡಿ ಎರಡು ಪುಟ ಬರೆಯುತ್ತಾರೆ, ಅದು ವಾಪಸು ಬರುತ್ತದೆ. "ಇಂಥ ಆವಕ ಸಂಖ್ಯೆಯ ಅರ್ಜಿಯ ಮೇಲೆ ದಿನಾಂಕವಾರು ಕೈಗೊಂಡ ಕ್ರಮ, ಕಡತ ಈಗ ಇರುವ ಮೇಜು", ಇಷ್ಟೇ ಕೇಳಿ.

ಕಾರ್ಯದರ್ಶಿ_ಘಾಟ್ಕೋಪರ್
ಧನ್ಯವಾದ. ಹಾಗಾದರೆ ಮೊದಲು ಮನೆಮನೆ ಪಟ್ಟಿ, ಜತೆಗೆ ಬದಲಾವಣೆ ವರದಿ. ಪಟ್ಟಿಯ ನಮೂನೆ ಮರಾಠಿಯಲ್ಲಿ ಮಾಡಿ ನಾಳೆ ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ತಿದ್ದಿ.

ಸೊಲ್ಲಾಪುರದಾಂವ
ಹಾಕ್ರಿ. ಪಟ್ಟಿ ಮಾಡಾಕ ಐತವಾರ ಮುಂಜಾನೆ ಹೋಗಬ್ಯಾಡ್ರಿ, ನಳದಾಗ ನೀರು ಬರೂ ಹೊತ್ತು, ಯಾರೂ ಸಹಿ ಮಾಡಾಕ ನಿಂದರೂದಿಲ್ಲ.